ಯಾವ ಸ್ಕ್ರೂ ಅಂತ ಮೊದಲು ಹೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಹಳೆಯ ಬೈಕ್ ಇಟ್ಟುಕೊಂಡವರಿಗೆ ಒಂದು ಸಲಹೆ ಬಂದಿತ್ತು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಪಕ್ಕದ ಸಣ್ಣ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದರೆ ಮೈಲೇಜ್ ಜಾಸ್ತಿ ಬರುತ್ತದೆ ಅಂತ. ಓದಿ ಸುಮ್ನೆ ಇರಲು ಆಗಲಿಲ್ಲ. ಯಾವ ಸ್ಕ್ರೂ ಅಂತ ಹೇಳಲೇ ಇಲ್ಲವಲ್ಲ!

ನಾನು ಮೆಕ್ಯಾನಿಕ್ ಅಲ್ಲ, ಟೈಲರ್. ಎರಡು ಸಿಲಿಂಡರ್, ಮಿಕುನಿ ಕಂಪನಿಯ ಎರಡು ಕಾರ್ಬ್ಯುರೇಟರ್ ಇರುವ ಹಳೆಯ ಬೈಕೊಂದು 26 ವರ್ಷದಿಂದ ನನ್ನ ಹತ್ತಿರ ಇದೆ. ಅದರ ಸ್ಕ್ರೂಗಳ ಸಹವಾಸದಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಸಾಮಾನ್ಯವಾಗಿ ಏರ್ ಸ್ಕ್ರೂ. ಬಿಗಿ ಮಾಡಿದಷ್ಟೂ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಏರುತ್ತದೆ. ಎಂಜಿನ್ ಕಡೆ ಇದ್ದರೆ ಅದು ಮಿಕ್ಸ್ಚರ್ ಸ್ಕ್ರೂ. ಅದನ್ನು ಬಿಗಿ ಮಾಡಿದರೆ ಪೆಟ್ರೋಲೇ ಕಡಿಮೆ. ಒಂದೇ ಕಡೆಗೆ ತಿರುಗಿಸಿದರೂ ಫಲ ಪೂರ್ತಿ ಉಲ್ಟಾ. ನಿಮ್ಮ ಸಲಹೆ ನಂಬಿದವರಲ್ಲಿ ಕೆಲವರ ಬೈಕ್ ಈಗ ಮೊದಲಿಗಿಂತ ಜಾಸ್ತಿ ಕುಡಿಯುತ್ತಿರಬಹುದು, ಅಲ್ವಾ?

ಇನ್ನೊಂದು ಮಾತು. ಈ ಸ್ಕ್ರೂವಿನ ಆಟ ನಡೆಯುವುದು ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಓಡುವಾಗ, ಮತ್ತು ಆಕ್ಸಿಲರೇಟರ್ ಸ್ವಲ್ಪ ತೆರೆದಾಗ ಮಾತ್ರ. ಕಾಲು ಭಾಗ ದಾಟಿದ ಮೇಲೆ ಮುಕ್ಕಾಲಿನವರೆಗೆ ಪೆಟ್ರೋಲ್ ದಾರಿಯಲ್ಲಿ ಏರಿಳಿಯುವ ಸೂಜಿ, ಅಂದರೆ ನೀಡಲ್‌ನ ಯಜಮಾನಿಕೆ. ಆಮೇಲೆ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿನ ಹಿತ್ತಾಳೆ ತುಂಡು. ದೂರದ ದಾರಿಯಲ್ಲಿ ಕುಡಿತ ಜಾಸ್ತಿ ಅನ್ನಿಸಿದರೆ ನೀಡಲ್‌ನ ಕ್ಲಿಪ್ ನೋಡಬೇಕು. ಕ್ಲಿಪ್ಪನ್ನು ಒಂದು ಗೀರು ಮೇಲೆ ಹಾಕಿದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಹಾಗಂತ ಮನಸ್ಸಿಗೆ ಬಂದಷ್ಟು ಕಡಿಮೆ ಮಾಡುವಂತಿಲ್ಲ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್‌ಗೆ ಸುಮಾರು 9 ಗ್ರಾಂ ಸಾಕು. ಹಾಗಾಗಿ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಹಳೆಯ ಸೆಟ್ಟಿಂಗ್‌ನಲ್ಲೇ ಗಾಳಿ ಒಂದಿಷ್ಟು ಜಾಸ್ತಿ ಆಗಿರುತ್ತದೆ. ಅದರ ಮೇಲೆ ಇನ್ನೂ ಪೆಟ್ರೋಲ್ ಕಟ್ ಮಾಡಿದರೆ ಎಂಜಿನ್ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಅನ್ನುತ್ತದೆ.

ನನ್ನ ಕಥೆ ಕೇಳಿ. ಒಮ್ಮೆ ಕೆಲಸ ಜಾಸ್ತಿ ಇತ್ತು ಅಂತ ಬೈಕನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ವಾಪಸ್ ಬಂದಾಗ ಎಡಗಡೆ ಸಿಲಿಂಡರ್ ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್. ಬಿಚ್ಚಿ ನೋಡಿದರೆ ಮಿಕ್ಸ್ಚರ್ ಸ್ಕ್ರೂವನ್ನು ಯಾರೋ ಕೊನೆ ಮುಟ್ಟಿಸಿ, ಅದರ ಮೇಲೂ ಜೋರು ಹಾಕಿದ್ದರು. ಸೂಜಿಯಂಥ ಅದರ ಮೊನೆಯ ಸುತ್ತ ಉಂಗುರದ ಹಾಗೆ ಗೆರೆ ಬಿದ್ದಿತ್ತು. ಉಗುರಿನಲ್ಲಿ ಸವರಿದರೆ ತಡೆಯುತ್ತಿತ್ತು. ಮೊನೆ ಹಾಳಾದ ಸೂಜಿಯಲ್ಲಿ ಹೊಲಿಗೆ ಬರುತ್ತದೆಯೇ? ಇದೂ ಹಾಗೇ. ಹೊಸ ಸ್ಕ್ರೂ ಹಾಕುವವರೆಗೆ ಆ ಸಿಲಿಂಡರ್ ಮಾತು ಕೇಳಲಿಲ್ಲ.

ಕಾರ್ಬ್ಯುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಅಂದರೆ ಫ್ಲೋಟ್ ಬೌಲ್‌ನ ನಾಲ್ಕು ಸ್ಕ್ರೂಗಳ ತಲೆಯನ್ನೂ ಕೆರೆದು ಹಾಕಿದ್ದರು. ಇದರಲ್ಲಿ ಸ್ಕ್ರೂಡ್ರೈವರ್‌ನದೂ ತಪ್ಪಿದೆ. ಜಪಾನಿನ ಕಾರ್ಬ್ಯುರೇಟರ್‌ಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನದೇ ಮಾನದಂಡದ ಅಳತೆಯ ಸ್ಕ್ರೂ. ನೋಡಲು ಮಾಮೂಲಿ ನಕ್ಷತ್ರದ ಸ್ಕ್ರೂ ಥರವೇ. ಎಷ್ಟೋ ಸಲ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ, ಅದೇ ಗುರುತು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ಮೇಲೆದ್ದು ತಲೆಯನ್ನು ತಿನ್ನುತ್ತದೆ. ಜೆಐಎಸ್‌ನದೇ ಒಂದು ತಂದಿಟ್ಟುಕೊಂಡ ಮೇಲೆ ನನ್ನ ಒಂದು ಸ್ಕ್ರೂ ಕೂಡ ಕೆಟ್ಟಿಲ್ಲ.

ಈಗ ನಾನು ಮಾಡುವ ಕ್ರಮ. ತಿರುಗಿಸುವ ಮೊದಲು ಸ್ಕ್ರೂವನ್ನು ಎರಡೇ ಬೆರಳಿನ ಬಲದಲ್ಲಿ ಮೆತ್ತಗೆ ಒಳಗೆ ಬಿಡುತ್ತೇನೆ. ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಎಣಿಸುತ್ತೇನೆ. ಎಡ 1¾, ಬಲ 2. ಇದು ನನ್ನ ಅಳತೆ ಪುಸ್ತಕದ ಕೊನೆಯ ಪುಟದಲ್ಲಿದೆ. ಅಳತೆ ಬರೆಯದೆ ಬಟ್ಟೆಗೆ ಕತ್ತರಿ ಹಾಕುವ ಅಭ್ಯಾಸ ನನಗಿಲ್ಲ. ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ, ತುಂಬಾ ಕಾರ್ಬ್ಯುರೇಟರ್‌ಗಳಿಗೆ ತಳದಿಂದ ಒಂದೂವರೆ ಸುತ್ತು ಹೊರಗೆ ತಿರುಗಿಸಿ ಶುರು ಮಾಡಬಹುದು. ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ, ಬಯಲಿನಲ್ಲಿ ನಿಲ್ಲಿಸಬೇಕು. ಮುಚ್ಚಿದ ಕೋಣೆಯಲ್ಲಿ ಬೇಡ, ಹೊಗೆಯಲ್ಲಿ ವಿಷ ಇದೆ. ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲವೂ ಸ್ವಲ್ಪ ಹೊತ್ತು ಕಿವಿಗೊಡಬೇಕು. ಐಡ್ಲಿಂಗ್ ಎಲ್ಲಿ ಅತಿ ಮೇಲೇರುತ್ತದೋ ಅಲ್ಲಿ ನಿಲ್ಲಿಸಿ, ಆಮೇಲೆ ಐಡ್ಲಿಂಗ್ ಸ್ಕ್ರೂವಿನಲ್ಲಿ ಸ್ಪೀಡ್ ಇಳಿಸಬೇಕು. ಆಕ್ಸಿಲರೇಟರ್ ಬಿಟ್ಟ ಮೇಲೂ ಐಡ್ಲಿಂಗ್ ಇಳಿಯಲು ತಡ ಮಾಡಿದರೆ ಇನ್ನೂ ಗಾಳಿ ಜಾಸ್ತಿ ಅಂತ ಲೆಕ್ಕ.

ಇದಕ್ಕೂ ಮೊದಲು ಏರ್ ಫಿಲ್ಟರ್, ಪ್ಲಗ್, ವಾಲ್ವ್ ಗ್ಯಾಪ್ ನೋಡಿಬಿಡಿ. ಎರಡು ಭಾನುವಾರ ಸ್ಕ್ರೂ ತಿರುಗಿಸಿ ತಿರುಗಿಸಿ ಬೇಸತ್ತ ಮೇಲೆ ನನಗೆ ಸಿಕ್ಕಿದ್ದು, ಕಾರ್ಬ್ಯುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರಿನಲ್ಲಿ ಕೂದಲಿನಷ್ಟು ಸೀಳು! ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಜೆಟ್‌ಗಳ ತೂತಿಗೆ ತಂತಿ, ಗುಂಡುಸೂಜಿ ಹಾಕಬೇಡಿ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ಗಳ ತೂತು ಎಷ್ಟೋ ಸಲ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಹಿತ್ತಾಳೆ ಬೇಗ ಸವೆಯುತ್ತದೆ. ಕ್ಲೀನರ್ ಸ್ಪ್ರೇ, ಗಾಳಿ ಸಾಕು.

ಎರಡು ಕಾರ್ಬ್ಯುರೇಟರ್ ಸಮ ಮಾಡಲು ಎಳೆತ ಅಳೆಯುವ ಗೇಜ್ ಬೇಕೇ ಬೇಕು ಅಂತಿಲ್ಲ. ಉದ್ದನೆಯ ಪಾರದರ್ಶಕ ಪೈಪೊಂದನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ನಡುವೆ ಸ್ವಲ್ಪ ಟೂ ಸ್ಟ್ರೋಕ್ ಆಯಿಲ್ ಹಾಕಿ, ತುದಿಗಳನ್ನು ಎರಡೂ ಕಡೆ ಎಂಜಿನ್‌ನ ಎಳೆತ ಸಿಗುವ ವ್ಯಾಕ್ಯೂಮ್ ತೂತಿಗೆ ಸಿಕ್ಕಿಸಿ ಎಂಜಿನ್ ಓಡಿಸಿದರಾಯಿತು. ಯಾವ ಕಡೆ ಎಳೆತ ಜಾಸ್ತಿಯೋ ಆ ಕಡೆ ಎಣ್ಣೆ ಏರುತ್ತದೆ. ಆ ಕಡೆಯ ಕಾರ್ಬ್ಯುರೇಟರ್ ಕಡಿಮೆ ತೆರೆದಿದೆ ಅಂತ ಅರ್ಥ. ಪೈಪ್ ಮಾತ್ರ ಮೂರ್ನಾಲ್ಕು ಮೀಟರ್ ಇರಲಿ, ಇನ್ನೊಂದು ಕೈ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಮೇಲಿರಲಿ. ಮೊದಲ ಸಲ ನಾನು ಗಿಡ್ಡ ಪೈಪ್ ಹಾಕಿದ್ದೆ. ಎಡ ಸಿಲಿಂಡರ್ ಎಣ್ಣೆಯನ್ನೆಲ್ಲ ಗಟಗಟ ಕುಡಿದು, ಅರ್ಧ ಗಂಟೆ ಬಿಳಿ ಹೊಗೆ ಬಿಟ್ಟಿತು.

ತಿದ್ದುಪಡಿ ಹಾಕುವಿರಾದರೆ ಜೊತೆಗೊಂದು ಚಿತ್ರವನ್ನೂ ಹಾಕಿ. ಏರ್ ಫಿಲ್ಟರ್ ಯಾವ ಕಡೆ, ಎಂಜಿನ್ ಯಾವ ಕಡೆ ಅಂತ ಎರಡು ಬಾಣದ ಗುರುತು ಇದ್ದರೆ ಸಾಕು.

ಇತಿ,
ನಿಮ್ಮ ಹಳೆಯ ಓದುಗ