ಕೆಲಸ ಬಿಟ್ಟ ದಿನವೇ ಹೆಲ್ತ್ ಕಾರ್ಡ್ ನಿಲ್ಲುತ್ತದೆ, ಮಕ್ಕಳಿಗೆ ಹೇಳುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಯಾವ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಪ್ಲೇಸ್‌ಮೆಂಟ್ ಆಯಿತು, ಪ್ಯಾಕೇಜ್ ಎಷ್ಟು ಅಂತ ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ಅದೇ ಮಕ್ಕಳು ಆಸ್ಪತ್ರೆ ಸೇರಿದರೆ ಬಿಲ್ ಯಾರು ಕಟ್ಟಬೇಕು ಅನ್ನುವುದು ಮಾತ್ರ ಎಲ್ಲೂ ಬರುವುದಿಲ್ಲ.

ನನ್ನ ತಮ್ಮ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ಆಫೀಸಿನಲ್ಲಿ ಆರೋಗ್ಯ ವಿಮೆಯ ಹೆಲ್ತ್ ಕಾರ್ಡ್ ಕೊಟ್ಟರು. ಸುಮ್ನೆ ಎರಡು ಕಡೆ ಯಾಕೆ ಅಂತ ಅಪ್ಪ ಮನೆಯ ಫ್ಯಾಮಿಲಿ ಪಾಲಿಸಿಯಿಂದ ಅವನ ಹೆಸರು ತೆಗೆಸಿದರು. ವರ್ಷ ತುಂಬುವ ಮೊದಲೇ ಅವನಿಗೆ ಇನ್ನೊಂದು ಕೆಲಸ ಸಿಕ್ಕಿತು, ಹಳೆಯದನ್ನು ಬಿಟ್ಟು ಹೊಸದಕ್ಕೆ ಸೇರುವ ನಡುವೆ ಮೂರು ವಾರ ಬಿಡುವಿತ್ತು, ಆ ಮೂರು ವಾರದಲ್ಲೇ ಅಪೆಂಡಿಕ್ಸ್ ಆಪರೇಷನ್ ಆಯಿತು. ಕೌಂಟರಿನಲ್ಲಿ ಕಾರ್ಡ್ ಕೊಟ್ಟರೆ ಇದು ಚಾಲ್ತಿಯಲ್ಲಿಲ್ಲ ಅಂದರು. ಪೂರ್ತಿ ಬಿಲ್ ನಾವೇ ಕಟ್ಟಿದೆವು.

ಬೇಜಾರಾಗಿದ್ದು ದುಡ್ಡಿಗಿಂತ ಜಾಸ್ತಿ ಆಮೇಲೆ ಗೊತ್ತಾದ ವಿಷಯಕ್ಕೆ. ಆಫೀಸು ನೌಕರರಿಗೆಲ್ಲ ಒಟ್ಟಿಗೆ ಮಾಡಿಸುವ ಗ್ರೂಪ್ ಪಾಲಿಸಿಯಿಂದ ಹೊರಬರುವವರು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದು. ಇದಕ್ಕೆ ಮೈಗ್ರೇಷನ್ ಅಂತಾರೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದಲ್ಲೇ ಈ ಅವಕಾಶ ಇದೆ, ಕಳೆದ ವೇಟಿಂಗ್ ಪೀರಿಯಡ್, ಅಂದರೆ ಕೆಲವು ಕಾಯಿಲೆಗಳಿಗೆ ದುಡ್ಡು ಸಿಗುವ ಮೊದಲು ಕಾಯಬೇಕಾದ ಕಾಲ ಕೂಡ ಲೆಕ್ಕಕ್ಕೆ ಸಿಗುತ್ತದೆ. ಕಂಪನಿ ಆರೋಗ್ಯದ ವಿವರ ಕೇಳಿ ಪ್ರೀಮಿಯಂ ಹೇಳುತ್ತದೆ, ಆದ್ದರಿಂದ ಕಾರ್ಡ್ ಚಾಲ್ತಿಯಲ್ಲಿ ಇರುವಾಗಲೇ ವಿಚಾರಿಸಬೇಕು. ಕೆಲಸ ಬಿಡುವಾಗ ಲ್ಯಾಪ್‌ಟಾಪ್ ವಾಪಸ್ ಕೇಳಿದರು, ಐಡಿ ಕಾರ್ಡ್ ಕೇಳಿದರು, ಪಿಎಫ್ ಬಗ್ಗೆ ಹೇಳಿದರು. ಈ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಇನ್ನು ಮನೆಯ ಪಾಲಿಸಿ. ಸಾಮಾನ್ಯವಾಗಿ ಮಕ್ಕಳಿಗೆ 25 ವರ್ಷ ಆಗುವವರೆಗೆ, ಅದೂ ದುಡಿಮೆ ಇಲ್ಲದಿದ್ದರೆ ಮಾತ್ರ, ಅದರಲ್ಲಿ ಜಾಗ ಇರುತ್ತದೆ. ಹೆಸರು ತೆಗೆಸುವ ಮುಂಚೆ, ಹಳೆಯ ವರ್ಷಗಳ ಲೆಕ್ಕ ಉಳಿಸಿಕೊಂಡು ಬೇರೆ ಪಾಲಿಸಿ ಮಾಡಿಕೊಡುತ್ತೀರಾ ಅಂತ ಅಪ್ಪ ಅಮ್ಮಂದಿರು ಕೇಳಲೇಬೇಕು. ನಾವು ಕೇಳಲಿಲ್ಲ.

ಮೊದಲ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದವರಿಗೆ, ಕೆಲಸದ ಜಾಗ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ, ಸಂಬಳದಲ್ಲಿ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಹಾಕುತ್ತಾರೆ. ಎಷ್ಟೋ ಮಕ್ಕಳು ಇದನ್ನು ಬರೀ ಕಡಿತ ಅಂದುಕೊಂಡಿದ್ದಾರೆ. ಅದು ಚಿಕಿತ್ಸೆಯ ಹಕ್ಕು, ಅವರನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಸಿಗುತ್ತದೆ.

ಇಪ್ಪತ್ತೆರಡರ ವಯಸ್ಸಿಗೆ ವಿಮೆ ಯಾಕೆ ಅಂತ ಕೇಳುವವರು ಬಹಳ. ನನ್ನ ಪ್ರಕಾರ ಮಾಡಿಸಬೇಕಾದ ವಯಸ್ಸೇ ಅದು. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟರೆ ಬೇರೆ ಯಾವುದಕ್ಕೂ ದುಡ್ಡು ಬರುವುದಿಲ್ಲ. ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು, 2024ರ ಮೊದಲು ಇದು 48 ತಿಂಗಳಿತ್ತು. ಗಟ್ಟಿಮುಟ್ಟಾಗಿರುವಾಗ ಶುರು ಮಾಡಿದರೆ ಈ ಕಾಯುವ ಕಾಲ ತಾನಾಗಿ ಕಳೆದುಹೋಗುತ್ತದೆ ಅಲ್ವಾ? 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ವಿಮೆಗೆ ಶೇ 18ರ ಜಿಎಸ್‌ಟಿಯೂ ಇಲ್ಲ. ಆದರೆ ಫಾರ್ಮಿನಲ್ಲಿ ಆಸ್ತಮಾ, ಥೈರಾಯ್ಡ್ ಏನಿದ್ದರೂ ಮುಚ್ಚಿಡಬೇಡಿ. ಏಜೆಂಟ್ ಬರೆಯಬೇಡ ಅಂದರೂ ಬರೆಯಿರಿ, ಕ್ಲೇಮ್ ತಿರಸ್ಕಾರವಾದಾಗ ಆತ ಪಕ್ಕದಲ್ಲಿ ಇರುವುದಿಲ್ಲ.

ಕಾಲೇಜುಗಳು ಕೊನೆಯ ಸೆಮಿಸ್ಟರಿನಲ್ಲಿ ಸಂದರ್ಶನಕ್ಕೆ ತಯಾರಿ ಮಾಡಿಸುತ್ತವಲ್ಲ, ಅದರ ಜೊತೆ ಒಂದು ಗಂಟೆ ಇದಕ್ಕೂ ಕೊಡಲಿ. ಕಂಪನಿಗಳು ರಿಲೀವಿಂಗ್ ಲೆಟರ್ ಜೊತೆಗೆ, ನಿಮ್ಮ ಕಾರ್ಡ್ ಇಂಥ ದಿನ ನಿಲ್ಲುತ್ತದೆ, ಮೈಗ್ರೇಷನ್‌ಗೆ ಇವರನ್ನು ಕೇಳಿ ಅಂತ ಎರಡು ಸಾಲು ಬರೆದುಕೊಡಲಿ. ನಿಮ್ಮ ಶಿಕ್ಷಣ ಪುಟದಲ್ಲೂ ಫಲಿತಾಂಶದ ದಿನಗಳಲ್ಲಿ ಈ ಬಗ್ಗೆ ಒಂದು ಲೇಖನ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ