ಅಪ್ಪನ ಆಪರೇಷನ್: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಅಪ್ಪನ ಸೊಂಟದ ಮೂಳೆ ಆಪರೇಷನ್ ಗುರುವಾರ ಬೆಳಿಗ್ಗೆ. ನಿನ್ನೆ ನಾವು ಮೂವರು ಡಾಕ್ಟರನ್ನು ಬೇರೆ ಬೇರೆಯಾಗಿ ಕೇಳಿ ಮೂರು ಥರ ಅರ್ಥ ಮಾಡಿಕೊಂಡು ಬಂದೆವು, ಅಲ್ವಾ? ಇನ್ನು ರೌಂಡ್ಸ್ ಹೊತ್ತಿಗೆ, ಅಂದರೆ 9 ಗಂಟೆಗೆ, ಅಕ್ಕ ಒಬ್ಬಳೇ ಮಾತಾಡಲಿ. ನಿಮ್ಮ ಪ್ರಶ್ನೆ ಹಿಂದಿನ ರಾತ್ರಿಯೇ ಇಲ್ಲಿ ಹಾಕಿ. ಡಾಕ್ಟರ್ ಹೇಳಿದ್ದನ್ನು ಅವಳು ಅವರಿಗೇ ಒಮ್ಮೆ ತಿರುಗಿ ಹೇಳಿ, ಸರಿ ಅಂದ ಮೇಲೆ ಮಂಚದ ಪಕ್ಕದ ನೀಲಿ ನೋಟ್‌ಬುಕ್‌ನಲ್ಲಿ ಬರೆಯುತ್ತಾಳೆ.

ಚಿಕ್ಕಪ್ಪ, ಮಾತ್ರೆ ಡಬ್ಬಿ ಇವತ್ತೇ ತನ್ನಿ, ಖಾಲಿ ಸ್ಟ್ರಿಪ್ ಸಮೇತ. ಆಸ್ಪಿರಿನ್ ತಗೊಂಡವರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಸರ್ಜನ್‌ಗೆ ಗೊತ್ತಿರಲೇಬೇಕು. ಹಾಗಂತ ನಾವೇ ನಿಲ್ಲಿಸುವುದು ಬೇಡ. ಅತ್ತೆ, ನಿಮ್ಮ ಕಷಾಯದ ವಿಷಯವನ್ನೂ ಹೇಳಿಬಿಡೋಣ, ಯಾರೂ ಬೈಯುವುದಿಲ್ಲ! ಅಪ್ಪನಿಗೆ ಬಲಗಿವಿ ಮಂದ, ಎಡಗಡೆ ಕೂತು ಮಾತಾಡಿ.

ರಾತ್ರಿ ಯಾರು ಇರುತ್ತೀರಿ? ಸುಮ್ನೆ ಹೆಬ್ಬೆರಳು ಒತ್ತಬೇಡಿ, ಹೆಸರು ಮತ್ತು ದಿನ ಸಂಜೆ 6ರೊಳಗೆ ಬರೆಯಿರಿ.