ಅಬಕಾರಿ ಲೆಕ್ಕದ ಜೊತೆಗೆ ಸಾವಿನ ಲೆಕ್ಕವನ್ನೂ ಮಂಡಿಸಲಿ

ಮಾನ್ಯ ಸಂಪಾದಕರೇ,

2025–26ರ ರಾಜ್ಯ ಆಯವ್ಯಯದಲ್ಲಿ ಅಬಕಾರಿ ಇಲಾಖೆಗೆ ನಿಗದಿಪಡಿಸಿದ್ದ ರಾಜಸ್ವ ಸಂಗ್ರಹದ ಗುರಿ 40,000 ಕೋಟಿ ರೂಪಾಯಿ. ರಾಜ್ಯದ ಸ್ವಂತ ತೆರಿಗೆಯಲ್ಲಿ ಇದು ಹೆಚ್ಚುಕಡಿಮೆ ಐದನೆಯ ಒಂದು ಭಾಗ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದ ಮೇಲೆ, ತಾನೇ ದರ ನಿರ್ಧರಿಸಿ ವಸೂಲು ಮಾಡಬಹುದಾದ ದೊಡ್ಡ ಬಾಬುಗಳು ರಾಜ್ಯದ ಕೈಯಲ್ಲಿ ಉಳಿದಿರುವುದು ಕೆಲವೇ, ಮದ್ಯ ಅವುಗಳಲ್ಲೊಂದು. ಆದ್ದರಿಂದ ಹಣಕಾಸು ಇಲಾಖೆ ಈ ಬಾಬಿನ ಮೇಲೆ ಕಣ್ಣಿಟ್ಟಿರುವುದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಅದೇ ಮದ್ಯದಿಂದ ನಮ್ಮ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ವರ್ಷಕ್ಕೆ ಎಷ್ಟು ಜನ ಸಾಯುತ್ತಿದ್ದಾರೆ ಎಂದು ಕೇಳಿದರೆ ಸರ್ಕಾರ ಯಾವ ದಾಖಲೆಯನ್ನು ತೆರೆದು ಉತ್ತರ ಕೊಡುತ್ತದೆ?

ಮಾರಾಟದ ಲೆಕ್ಕ ಎಷ್ಟು ಕರಾರುವಾಕ್ಕಾಗಿದೆ ಎಂಬುದನ್ನು ಮೊದಲು ಹೇಳಬೇಕು. 2003ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಗಳ ಮೂಲಕವೇ ಸನ್ನದುದಾರರು ಮದ್ಯ ಪಡೆಯಬೇಕಾದ್ದರಿಂದ, ಯಾವ ಅಂಗಡಿಗೆ ಎಷ್ಟು ಪೆಟ್ಟಿಗೆ ಹೋಯಿತು ಎಂಬುದು ಸರ್ಕಾರಕ್ಕೆ ಗೊತ್ತಿರುತ್ತದೆ. ಸಾವಿನ ಲೆಕ್ಕ ಹಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮರಣವನ್ನು 21 ದಿನಗಳೊಳಗೆ ವರದಿ ಮಾಡಬೇಕು. ನಮ್ಮ ರಾಜ್ಯದಲ್ಲಿ ಮರಣಗಳು ನೋಂದಣಿಯಾಗುವುದರಲ್ಲಿ ದೊಡ್ಡ ಕೊರತೆಯೇನೂ ಇಲ್ಲ. ಕೊರತೆ ಇರುವುದು ಕಾರಣದ ಕಾಲಂನಲ್ಲಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸುಮಾರು 81 ಲಕ್ಷ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ಕ್ಕೆ ಮಾತ್ರ. ಉಳಿದವರು ಯಾವುದರಿಂದ ಸತ್ತರು ಎಂಬುದು ಮನೆಯವರು ಹೇಳಿದಂತೆ, ಬರೆದುಕೊಳ್ಳುವವರಿಗೆ ತೋಚಿದಂತೆ.

ಮರಣ ನೋಂದಣಿಯ ದಾಖಲೆಗಳನ್ನು ಪರಿಶೀಲಿಸುವುದೇ ನನ್ನ ನೌಕರಿಯ ಬಹುಭಾಗವಾಗಿತ್ತು. ಹಳ್ಳಿಯಲ್ಲಿ, ಮನೆಯಲ್ಲೇ ಸತ್ತ ನಲವತ್ತರ ಆಸುಪಾಸಿನ ಗಂಡಸರ ಹೆಸರಿನ ಮುಂದೆ ‘ಕಾಮಾಲೆ’, ‘ಹೊಟ್ಟೆನೋವು’, ‘ರಕ್ತ ವಾಂತಿ’, ‘ಹೃದಯಾಘಾತ’ ಎಂದು ಇರುತ್ತಿತ್ತು. ಇವುಗಳಲ್ಲಿ ಹಲವು, ವರ್ಷಗಟ್ಟಲೆ ಕುಡಿದು ಯಕೃತ್ತು ಗಟ್ಟಿಯಾಗಿ ಹೋದವರ ಸಾವುಗಳು ಎಂಬುದು ಊರಿಗೆಲ್ಲ ಗೊತ್ತು, ದಾಖಲೆಗೆ ಮಾತ್ರ ಗೊತ್ತಿಲ್ಲ. ಸಾವಿನ ಕಾರಣವನ್ನು ವೈದ್ಯರು ದೃಢೀಕರಿಸುವ ಆಸ್ಪತ್ರೆಯ ನಮೂನೆ 4ರಲ್ಲಿ ತಕ್ಷಣದ ಕಾರಣ, ಅದಕ್ಕೆ ಎಡೆಮಾಡಿದ ಕಾರಣ, ಮೂಲ ಕಾರಣ ಎಂದು ಕ್ರಮವಾಗಿ ಬರೆಯಬೇಕು. ಬಹಳಷ್ಟು ಕಡೆ ಮೊದಲ ಸಾಲಿನಲ್ಲೇ ‘ಹೃದಯ ಸ್ತಂಭನ’ ಎಂದು ಬರೆದು ಸಹಿ ಮಾಡಿಬಿಡುತ್ತಾರೆ. ಸಾಯುವ ಪ್ರತಿಯೊಬ್ಬರ ಹೃದಯವೂ ನಿಲ್ಲುತ್ತದೆ. ಅದನ್ನು ಕಾರಣವೆಂದು ಎಣಿಸಿದರೆ ಆ ನಮೂನೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮದ್ಯದಿಂದಾದ ಯಕೃತ್ತಿನ ರೋಗಕ್ಕೆ ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಕೆ70 ಎಂಬ ಪ್ರತ್ಯೇಕ ಸಂಕೇತವೇ ಇದೆ. ಮೂಲ ಕಾರಣ ಬರೆಯದಿದ್ದರೆ ಆ ಸಂಕೇತ ಬೀಳುವುದೇ ಇಲ್ಲ.

ಕುಟುಂಬದವರನ್ನು ದೂರುವಂತಿಲ್ಲ. ವಿಮೆ, ಪರಿಹಾರದ ಹಣ ಕೈತಪ್ಪೀತೆಂಬ ಭಯ ಅವರಿಗಿದೆ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಮಾನದ ಪ್ರಶ್ನೆಯೂ ಇದೆ. ‘ಕುಡಿತ ಅಂತ ಬರೀಬೇಡಿ ಸ್ವಾಮಿ’ ಎಂದು ಕೈಮುಗಿಯುವ ವಿಧವೆಯ ಎದುರು ಯಾವ ಅಧಿಕಾರಿ ತಾನೇ ಒತ್ತಾಯ ಮಾಡಿಯಾನು? ಆದ್ದರಿಂದಲೇ ಸಾವಿನ ಕಾರಣದ ಮಾಹಿತಿ ಅಂಕಿಅಂಶಕ್ಕೆ ಮಾತ್ರ ಬಳಕೆಯಾಗಬೇಕು, ಕುಟುಂಬದ ವಿರುದ್ಧ ಯಾವ ಕಚೇರಿಯಲ್ಲೂ ಬಳಕೆಯಾಗಬಾರದು ಎಂಬ ಖಾತರಿಯನ್ನು ಸರ್ಕಾರ ಕೊಡಬೇಕು.

ಆತ್ಮಹತ್ಯೆಯ ಲೆಕ್ಕದಲ್ಲೂ ಇದೇ ಕಥೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಶೇ 31.7ರಷ್ಟು ಆತ್ಮಹತ್ಯೆಗಳಿಗೆ ಕೌಟುಂಬಿಕ ಸಮಸ್ಯೆ ಕಾರಣವೆಂದೂ, ಶೇ 6.8ಕ್ಕೆ ಮಾದಕ ವಸ್ತು ಮತ್ತು ಮದ್ಯವ್ಯಸನ ಕಾರಣವೆಂದೂ ಇದೆ. ಒಂದು ಸಾವಿಗೆ ಒಂದೇ ಕಾರಣ ಬರೆಯುವ ಈ ಪದ್ಧತಿಯಲ್ಲಿ, ಗಂಡನ ಕುಡಿತದಿಂದ ಬೇಸತ್ತು ಬಾವಿಗೆ ಬಿದ್ದ ಹೆಂಗಸಿನ ಸಾವು ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಶಿರಾದಿಂದ ನೆಲಮಂಗಲದವರೆಗಿನ ಹೆದ್ದಾರಿಯಲ್ಲಿ ರಾತ್ರಿ ನಡೆಯುವ ಅಪಘಾತಗಳೂ ‘ಅತಿವೇಗ’ದ ಖಾನೆಗೆ ಸೇರಿದರೆ, ಚಾಲಕ ಕುಡಿದಿದ್ದನೇ ಎಂಬ ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ.

ತೆರಿಗೆಗೂ ಸಾವಿಗೂ ಇರುವ ನೇರ ಸಂಬಂಧದ ವಿಷಯ ಇದಕ್ಕಿಂತ ಮುಖ್ಯವಾದದ್ದು. ಮದ್ಯದ ಬೆಲೆ ಏರಿದರೆ ಕುಡಿತ ಕಡಿಮೆಯಾಗುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಬಹಳ ಕಾಲದಿಂದ ಹೇಳುತ್ತಿದೆ. ಅದರ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 26 ಲಕ್ಷ ಜನರ ಸಾವಿಗೆ ಮದ್ಯ ಕಾರಣವಾಗಿತ್ತು. ಲಿಥುವೇನಿಯಾ ದೇಶ 2017ರಲ್ಲಿ ಮದ್ಯದ ಮೇಲಿನ ತೆರಿಗೆಯನ್ನು ಗಣನೀಯವಾಗಿ ಹೆಚ್ಚಿಸಿದಾಗ, ಆ ನಂತರ ಸಾವಿನ ಪ್ರಮಾಣ ಇಳಿದದ್ದನ್ನು ಸಂಶೋಧಕರು ತೋರಿಸಿದರು. ಅಲ್ಲಿ ಸಾವಿನ ದಾಖಲೆ ತಿಂಗಳುವಾರು ಸರಿಯಾಗಿತ್ತು, ಹಾಗಾಗಿ ತೋರಿಸಲು ಸಾಧ್ಯವಾಯಿತು. ನಮ್ಮಲ್ಲಿಯೂ 2023ರ ಜುಲೈ ಆಯವ್ಯಯದಲ್ಲಿ ಭಾರತೀಯ ತಯಾರಿಕೆಯ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ ಸ್ಲ್ಯಾಬ್‌ಗಳಲ್ಲೂ ಶೇ 20ರಷ್ಟು ಏರಿಸಲಾಯಿತು. ಅದರಿಂದ ಪಾವಗಡದಲ್ಲೋ ಕುಣಿಗಲ್ಲಿನಲ್ಲೋ ಯಕೃತ್ತಿನ ರೋಗದ ಸಾವು ಕಡಿಮೆಯಾಯಿತೇ? ಜನ ಕುಡಿತ ಬಿಟ್ಟರೇ, ಇಲ್ಲ ಅಗ್ಗದ 90 ಎಂ.ಎಲ್. ಪ್ಯಾಕೆಟ್‌ಗೆ ಇಳಿದರೇ? ಸುಂಕ ಏರಿಸಿದವರಿಗೆ ಬಂದ ಹಣದ ಲೆಕ್ಕ ಸಿಕ್ಕಿತು. ಅದರಿಂದ ಎಷ್ಟು ಜೀವ ಉಳಿಯಿತು ಎಂಬ ಲೆಕ್ಕ ಯಾರಿಗೂ ಸಿಗಲಿಲ್ಲ. ಅಲ್ಲದೆ, ದರವನ್ನು ಕುಡಿತ ತಗ್ಗಲೆಂದು ಏರಿಸುವುದು ಒಂದು ನೀತಿ, ವರ್ಷಕ್ಕಿಷ್ಟು ಹಣ ಬರಲೇಬೇಕೆಂದು ಅಧಿಕಾರಿಗಳಿಗೆ ಗುರಿ ಕೊಡುವುದು ಅದಕ್ಕೆ ವಿರುದ್ಧವಾದ ಇನ್ನೊಂದು ನೀತಿ. ಎರಡನ್ನೂ ಒಂದೇ ಇಲಾಖೆಯಿಂದ ನಿರೀಕ್ಷಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಪಾನನಿಷೇಧವನ್ನು ಕೇಳುತ್ತಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು–ಕೋಲಾರ ಭಾಗದಲ್ಲಿಯೂ ಪಕ್ಕದ ತಮಿಳುನಾಡಿನಲ್ಲಿಯೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಹಾಗೆಂದು ಮದ್ಯ ನಿಷೇಧಕ್ಕೆ ಒತ್ತಾಯಿಸಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ನಮ್ಮ ಜಿಲ್ಲೆಯನ್ನು ಹಾದು ಬೆಂಗಳೂರಿಗೆ ನಡೆದುಹೋದ ಹಳ್ಳಿಯ ಹೆಂಗಸರ ಸಂಕಟವನ್ನು ತಳ್ಳಿಹಾಕಲೂ ಆಗದು. ಅವರ ಮಾತಿಗೆ ದಾಖಲೆಯ ಬಲ ಇದ್ದಿದ್ದರೆ ಯಾವ ಸರ್ಕಾರವೂ ಅದನ್ನು ಸುಲಭವಾಗಿ ಬದಿಗಿಡಲು ಆಗುತ್ತಿರಲಿಲ್ಲ.

ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕರ್ನಾಟಕದಲ್ಲಿ 2001–03ರಲ್ಲಿ 228 ಇತ್ತು, 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಶ್ರಮ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಒಬ್ಬ ಬಾಣಂತಿ ಸತ್ತರೂ ಜಿಲ್ಲಾ ಮಟ್ಟದಲ್ಲಿ ಏಕೆ ಎಂದು ಕೇಳುವ ಪರಿಶೀಲನೆಯೂ ಸೇರಿದೆ.

ಜನನ ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕೊಡಲೇಬೇಕು. ಕಾನೂನು ಸಿದ್ಧವಿದೆ, ವೈದ್ಯರಿಗೆ ತರಬೇತಿ ಬೇಕು. ಮನೆಯಲ್ಲಾದ ಸಾವುಗಳಿಗೆ, ಮೃತರ ಮನೆಯವರನ್ನು ಕ್ರಮಬದ್ಧವಾಗಿ ವಿಚಾರಿಸಿ ಕಾರಣ ಗೊತ್ತುಮಾಡುವ ವಿಧಾನವನ್ನು ಆಯ್ದ ಪ್ರದೇಶಗಳಲ್ಲಿ ಜನನ ಮರಣಗಳನ್ನು ಎಣಿಸುವ ದೇಶದ ಮಾದರಿ ನೋಂದಣಿ ಪದ್ಧತಿಯಲ್ಲಿ ಬಳಸಿದ್ದಾರೆ. ಅದನ್ನು ಪ್ರತಿ ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಾದರೂ ಆರಂಭಿಸಬಹುದು. ಇದರ ಖರ್ಚಿಗೆ ಅಬಕಾರಿ ಆದಾಯದ ಅತಿ ಸಣ್ಣ ಪಾಲು ಸಾಕು. ಇಲಾಖೆಗಳ ಪ್ರಗತಿ ಪರಿಶೀಲಿಸುವ ತುಮಕೂರಿನ ಕೆಡಿಪಿ ಸಭೆಯಲ್ಲಿ ಅಬಕಾರಿ ಉಪ ಆಯುಕ್ತರು ತಾಲ್ಲೂಕುವಾರು ಮಾರಾಟದ ಅಂಕಿಗಳನ್ನು ಮಂಡಿಸಿದ ಕೂಡಲೇ, ಅದೇ ತಾಲ್ಲೂಕುಗಳಲ್ಲಿ ಯಕೃತ್ತಿನ ರೋಗ, ಅಪಘಾತ ಮತ್ತು ಆತ್ಮಹತ್ಯೆಯಿಂದಾದ ಸಾವುಗಳ ಅಂಕಿಗಳನ್ನು ಜಿಲ್ಲಾ ಆರೋಗ್ಯಾಧಿಕಾರಿ ಓದಿ ಹೇಳುವಂತೆ ಉಸ್ತುವಾರಿ ಸಚಿವರು ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಾಂಖ್ಯಿಕ ನಿರೀಕ್ಷಕ, ತಿಪಟೂರು